ಕ್ಯಾಮಿನ ಸ್ಥಾನವೂ ಎಂಜಿನ್ನಿನ ವೇಗವೂ

ಪುಷ್‌ರಾಡ್ ಇರುವ ಎಂಜಿನ್ನು ಹಳೆಯದು, ನಿಧಾನವಾದುದು. ಕ್ಯಾಮ್‌ಷಾಫ್ಟು ತಲೆಯ ಮೇಲಿರುವ ಎಂಜಿನ್ನು ಹೊಸದು, ಚುರುಕಾದುದು ಎಂಬ ಮಾತು ಮೋಟಾರು ವಾಹನಗಳಲ್ಲಿ ಆಸಕ್ತರಾದ ವಿದ್ಯಾರ್ಥಿಗಳ ನಡುವೆ ಬಹಳವಾಗಿ ಬಳಕೆಯಲ್ಲಿದೆ. ನಮ್ಮ ರಸ್ತೆಗಳಲ್ಲಿ ಎಲ್ಲರಿಗೂ ಪರಿಚಿತವಾದ ಒಂದು ಉದಾಹರಣೆಯಿಂದ ಈ ಮಾತನ್ನು ಪರೀಕ್ಷಿಸಿ ನೋಡೋಣ. ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಹಿಂದಿನ 346 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ಪುಷ್‌ರಾಡುಗಳಿದ್ದುವು. ಅದರ ಸಾಮರ್ಥ್ಯ ನಿಮಿಷಕ್ಕೆ 5,250 ಸುತ್ತುಗಳಲ್ಲಿ 19.8 ಅಶ್ವಶಕ್ತಿ. 2020ರಲ್ಲಿ ಮೀಟಿಯರ್, 2021ರಲ್ಲಿ ಕ್ಲಾಸಿಕ್, 2023ರಲ್ಲಿ ಬುಲೆಟ್ ಬೈಕುಗಳಿಗೆ ಆ ಸಂಸ್ಥೆ ಅಳವಡಿಸಿದ 349 ಘನ ಸೆಂಟಿಮೀಟರಿನ ಹೊಸ ಎಂಜಿನ್ನಿನಲ್ಲಿ ಪುಷ್‌ರಾಡುಗಳಿಲ್ಲ. ಕ್ಯಾಮ್‌ಷಾಫ್ಟು ಸಿಲಿಂಡರಿನ ತಲೆಯ ಮೇಲಿದೆ. ಅದರ ಸಾಮರ್ಥ್ಯ 6,100 ಸುತ್ತುಗಳಲ್ಲಿ 20.2 ಅಶ್ವಶಕ್ತಿ. ಎಂದರೆ ಕ್ಯಾಮು ಕೆಳಗಿನಿಂದ ಮೇಲಕ್ಕೆ ಹೋದುದರಿಂದ ಹೆಚ್ಚಿದ ಶಕ್ತಿ ಅರ್ಧ ಅಶ್ವಶಕ್ತಿಯೂ ಇಲ್ಲ! ಹಾಗಾದರೆ ಪಂದ್ಯದ ಎಂಜಿನ್ನುಗಳನ್ನು ನಿರ್ಮಿಸುವವರು ನೂರು ವರ್ಷಗಳಿಗೂ ಹಿಂದಿನಿಂದ ಕ್ಯಾಮನ್ನು ತಲೆಯ ಮೇಲಕ್ಕೆ ಏರಿಸುತ್ತ ಬಂದದ್ದು ಏತಕ್ಕೆ? ಉತ್ತರಕ್ಕಾಗಿ ನಾವು ಜಾಹೀರಾತನ್ನಲ್ಲ, ನ್ಯೂಟನ್ನನ ಎರಡನೆಯ ನಿಯಮವನ್ನು ಆಶ್ರಯಿಸಬೇಕಾಗುತ್ತದೆ.

ಮೊದಲು ಯಂತ್ರದ ರಚನೆಯನ್ನು ತಿಳಿಯೋಣ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರಲು ಒಂದು ವಾಲ್ವು, ಉರಿದ ಅನಿಲ ಹೊರಹೋಗಲು ಇನ್ನೊಂದು ವಾಲ್ವು, ಕನಿಷ್ಠ ಎರಡಾದರೂ ಇರಲೇಬೇಕು. (ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಬೈಕಿನದು ಎರಡು ಹೊಡೆತದ ಎಂಜಿನ್ನು. ಅದಕ್ಕೆ ಇಂಥ ವಾಲ್ವುಗಳೇ ಇಲ್ಲವಾದುದರಿಂದ ಅದು ನಮ್ಮ ಚರ್ಚೆಯ ಹೊರಗೆ ಉಳಿಯುತ್ತದೆ.) ವಾಲ್ವು ಅಣಬೆಯ ಆಕಾರದ್ದು. ಅದನ್ನು ತಳ್ಳಿ ತೆರೆಯುವುದು ಕ್ಯಾಮು, ಅಂದರೆ ಒಂದು ಕಡೆ ಉಬ್ಬಿರುವ, ಮೊಟ್ಟೆಯನ್ನು ಹೋಲುವ ಉಕ್ಕಿನ ತುಂಡು. ಕ್ಯಾಮುಗಳು ಕ್ಯಾಮ್‌ಷಾಫ್ಟಿನ ಮೇಲೆ ಕುಳಿತಿದ್ದು, ಕ್ರ್ಯಾಂಕ್‌ಷಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಸುತ್ತು ತಿರುಗುತ್ತವೆ.

ಪುಷ್‌ರಾಡ್ ರಚನೆಯಲ್ಲಿ ಕ್ಯಾಮ್‌ಷಾಫ್ಟು ಕೆಳಗೆ, ಕ್ರ್ಯಾಂಕ್‌ಷಾಫ್ಟಿನ ಬಳಿಯಲ್ಲಿ ಇರುತ್ತದೆ. ಕ್ಯಾಮಿನ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಪುಷ್‌ರಾಡ್ ಎಂಬ ನೀಳವಾದ ಉಕ್ಕಿನ ಕೋಲನ್ನು ಮೇಲಕ್ಕೆ ತಳ್ಳುತ್ತದೆ. ಕೋಲು ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ಏತದ ಮರದಂತೆ ನಡುವೆ ಆನಿಕೆಯುಳ್ಳ ಆ ರಾಕರಿನ ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ತೆರೆಯುತ್ತದೆ. ತಲೆಯ ಮೇಲೆ ಕ್ಯಾಮಿರುವ ರಚನೆಯಲ್ಲಿ ಈ ಸರಪಳಿಯ ಬಹುಭಾಗ ಇರುವುದಿಲ್ಲ. ಕ್ಯಾಮು ವಾಲ್ವಿನ ಮೇಲೆ ಕವುಚಿದ ಬಟ್ಟಲೊಂದನ್ನೋ ಚಿಕ್ಕ ರಾಕರನ್ನೋ ನೇರವಾಗಿ ಒತ್ತುತ್ತದೆ. ಎರಡು ರಚನೆಗಳಿಗೂ ಸಾಮಾನ್ಯವಾದ ಒಂದು ಸಂಗತಿಯನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಕ್ಯಾಮು ತಳ್ಳಬಲ್ಲದು, ಸೆಳೆಯಲಾರದು. ವಾಲ್ವನ್ನು ಹಿಂದಕ್ಕೆ ತರುವ ಕೆಲಸ ಸ್ಪ್ರಿಂಗಿನದು. ಎಂಜಿನ್ನಿನ ವೇಗದ ಮಿತಿಯ ಪ್ರಶ್ನೆ ಬಹುಮಟ್ಟಿಗೆ ಈ ಸ್ಪ್ರಿಂಗಿನ ಪ್ರಶ್ನೆಯೇ ಆಗಿದೆ.

ಇನ್ನು ಲೆಕ್ಕಕ್ಕೆ ಬರೋಣ. ಎಂಜಿನ್ನು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ. ಕ್ರ್ಯಾಂಕ್‌ಷಾಫ್ಟು 240 ಡಿಗ್ರಿ ತಿರುಗುವವರೆಗೆ ವಾಲ್ವು ತೆರೆದಿರುತ್ತದೆ. ಅದು ಅತ್ಯಂತ ಹೆಚ್ಚೆಂದರೆ 10 ಮಿಲಿಮೀಟರು ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ. ಇವು ಸಾಧಾರಣ ಕಾರೊಂದಕ್ಕೆ ಒಪ್ಪುವ ಅಂಕಿಗಳೇ. ಸೆಕೆಂಡಿಗೆ ನೂರು ಸುತ್ತಾದುದರಿಂದ 240 ಡಿಗ್ರಿ ತಿರುಗಲು ಹಿಡಿಯುವ ಕಾಲ ಸೆಕೆಂಡಿನ 150ನೆಯ ಒಂದು ಭಾಗ. ಇಷ್ಟರೊಳಗೆ ವಾಲ್ವು 10 ಮಿಲಿಮೀಟರು ಹೋಗಿ, ನಿಂತು, ಮರಳಿ ಬರಬೇಕು. ಈ ಚಲನೆಯನ್ನು ಸರಳ ಸಂಗತ ಚಲನೆಯೆಂದೇ ಭಾವಿಸಿದರೆ ಅದರ ಪಾರ 5 ಮಿಲಿಮೀಟರು, ಆವೃತ್ತಿ ಸೆಕೆಂಡಿಗೆ 150. ಕೋನೀಯ ವೇಗ ಸುಮಾರು 942 ರೇಡಿಯನ್. ಇದರ ವರ್ಗವನ್ನು ಪಾರದಿಂದ ಗುಣಿಸಿದರೆ ಪರಮ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 4,440 ಮೀಟರು ಎಂದಾಗುತ್ತದೆ. ಇದು ಗುರುತ್ವ ವೇಗೋತ್ಕರ್ಷದ 450ರಷ್ಟು! ನಿಜವಾದ ಕ್ಯಾಮಿನ ರೇಖೆ ಸಂಗತ ಚಲನೆಯದಲ್ಲ. ವಾಲ್ವಿಗೆ ಆರಂಭದಲ್ಲಿ ರಭಸವಾದ ತಳ್ಳುವಿಕೆಯನ್ನೂ ತುದಿಯಲ್ಲಿ ಮೃದುವಾದ ಹಿಂತಿರುಗುವಿಕೆಯನ್ನೂ ಕೊಡುವಂತೆ ಅದನ್ನು ಕೊರೆದಿರುತ್ತಾರೆ. ಆದರೂ ಬಲದ ಪ್ರಮಾಣ ಎಷ್ಟರದು ಎಂಬುದನ್ನು ತಿಳಿಯಲು ನಮ್ಮ ಲೆಕ್ಕ ಸಾಕು.

ಚಲಿಸುವ ಭಾಗಗಳ ದ್ರವ್ಯರಾಶಿ ವಾಲ್ವಿನ ಮಟ್ಟದಲ್ಲಿ 200 ಗ್ರಾಂ ಆಗಿದ್ದರೆ, ಅವುಗಳನ್ನು ತುದಿಯಿಂದ ಹಿಂತಿರುಗಿಸಲು ಸ್ಪ್ರಿಂಗು ಕೊಡಬೇಕಾದ ಬಲ 888 ನ್ಯೂಟನ್, ಅಂದರೆ ಸುಮಾರು 90 ಕಿಲೋಗ್ರಾಂ ಭಾರ. ಹುಲ್ಲುಕಡ್ಡಿಯಷ್ಟು ಹಗುರವೆಂದು ನಾವು ಭಾವಿಸಬಹುದಾದ ಒಂದು ವಾಲ್ವನ್ನು ಮುಚ್ಚಲು ಇಬ್ಬರು ಹುಡುಗರು ಅದರ ಮೇಲೆ ನಿಂತಷ್ಟು ಬಲ ಬೇಕು. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ನಿನ ವೇಗ 8,000ಕ್ಕೆ ಹೋದರೆ ಸ್ಪ್ರಿಂಗಿನ ಬಲ ಸುಮಾರು 1,580 ನ್ಯೂಟನ್ ಇರಬೇಕು. 12,000ಕ್ಕೆ ಹೋದರೆ 3,550 ನ್ಯೂಟನ್. ಸ್ಪ್ರಿಂಗನ್ನು ಮನಬಂದಷ್ಟು ಬಿಗಿಮಾಡಿದರೆ ಆಗದೇ ಎಂದು ಕೇಳಬಹುದು. ಬಿಗಿಯಾದಷ್ಟೂ ನಿಧಾನದ ವೇಗದಲ್ಲಿ ಆ ಬಲವೆಲ್ಲ ಕ್ಯಾಮಿನ ಮೂಗಿನ ಮೇಲೆ ಬಿದ್ದು ಅದನ್ನು ಸವೆಸುತ್ತದೆ. ಸ್ಪ್ರಿಂಗಿನ ತಂತಿ ದಪ್ಪವಾದಷ್ಟೂ ಅದರ ಸ್ವಂತ ಜಡತ್ವವೂ ಹೆಚ್ಚುತ್ತದೆ. ಸ್ಪ್ರಿಂಗಿನ ಬಲ ಸಾಲದೆ ಹೋದರೆ ವಾಲ್ವು ಕ್ಯಾಮಿನ ಹಿಡಿತದಿಂದ ಬಿಟ್ಟು ತೇಲುತ್ತದೆ. ಆಗ ಅದು ಮುಚ್ಚಬೇಕಾದ ಕಾಲಕ್ಕೆ ಮುಚ್ಚದೆ, ಮೇಲಕ್ಕೆ ಬರುತ್ತಿರುವ ಪಿಸ್ಟನ್ನಿಗೆ ಎದುರಾಗಬಹುದು. ಅಲ್ಲಿಗೆ ಎಂಜಿನ್ನಿನ ಕಥೆ ಮುಗಿಯಿತು.

ಆದುದರಿಂದ ಚಲಿಸುವ ದ್ರವ್ಯರಾಶಿಯನ್ನು ಕಡಮೆಮಾಡುವುದು ಮೊದಲ ಕರ್ತವ್ಯ. ಪುಷ್‌ರಾಡ್ ಮತ್ತು ಟ್ಯಾಪೆಟ್ಟು ಇಲ್ಲವಾದರೆ ಅವುಗಳ ಭಾರವೂ ಇಲ್ಲ ಎಂಬುದು ಸ್ಪಷ್ಟ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಜನಪ್ರಿಯ ವಿವರಣೆಗಳು ಇದನ್ನು ಸಾಮಾನ್ಯವಾಗಿ ಮರೆಯುತ್ತವೆ. ರಾಕರಿನ ಎರಡು ತೋಳುಗಳು ಸಮನಾಗಿರುವುದಿಲ್ಲ. ವಾಲ್ವಿನ ಕಡೆಯ ತೋಳು ಉದ್ದ, ಅನುಪಾತ 1.6 ಎಂದಿಟ್ಟುಕೊಳ್ಳೋಣ. ವಾಲ್ವು 10 ಮಿಲಿಮೀಟರು ಚಲಿಸುವಾಗ ಪುಷ್‌ರಾಡು ಚಲಿಸುವುದು 6.25 ಮಿಲಿಮೀಟರು ಮಾತ್ರ. ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸಿದೆಯಾದುದರಿಂದ, ಪುಷ್‌ರಾಡಿನ ಕಡೆಯ ದ್ರವ್ಯರಾಶಿಯನ್ನು ವಾಲ್ವಿನ ಮಟ್ಟಕ್ಕೆ ತರಬೇಕಾದರೆ 1.6ರ ವರ್ಗದಿಂದ, ಅಂದರೆ 2.56ರಿಂದ ಭಾಗಿಸಬೇಕು. ಟ್ಯಾಪೆಟ್ಟೂ ಪುಷ್‌ರಾಡೂ ಸೇರಿ 160 ಗ್ರಾಂ ತೂಗಿದರೂ ಸ್ಪ್ರಿಂಗಿಗೆ ಅದು ಸುಮಾರು 62 ಗ್ರಾಂ ಎಂದಷ್ಟೇ ತೋರುತ್ತದೆ. ಪುಷ್‌ರಾಡಿನ ದೋಷವೆಲ್ಲ ಅದರ ಭಾರದಲ್ಲಿದೆ ಎನ್ನುವವರು ಈ ವಿಷಯವನ್ನು ಗಮನಿಸಿಲ್ಲ.

ಹಾಗಾದರೆ ದೋಷ ಎಲ್ಲಿದೆ? ಅದೇ ವರ್ಗ ಇನ್ನೊಂದು ಕಡೆಯಿಂದ ಸೇಡು ತೀರಿಸಿಕೊಳ್ಳುತ್ತದೆ. ವಾಲ್ವಿನ ಮೇಲಿನ ಬಲ 888 ನ್ಯೂಟನ್ ಆದರೆ ಸನ್ನೆಯ ನಿಯಮದಂತೆ ಪುಷ್‌ರಾಡಿನ ಮೇಲಿನ ಬಲ 1.6ರಷ್ಟು, ಎಂದರೆ 1,420 ನ್ಯೂಟನ್. ಈ ಬಲದಿಂದ ಕೋಲು ಎಷ್ಟು ಕುಗ್ಗುವುದೋ ಅದರ 1.6ರಷ್ಟು ವಾಲ್ವಿನ ಚಲನೆಯಲ್ಲಿ ತಪ್ಪು ಕಾಣಿಸಿಕೊಳ್ಳುತ್ತದೆ. ಒಟ್ಟಿನಲ್ಲಿ ಕೋಲಿನ ಮಣಿವು ವಾಲ್ವಿಗೆ 2.56ರಷ್ಟಾಗಿ ತೋರುತ್ತದೆ. ಭಾರಕ್ಕೆ ರಿಯಾಯಿತಿ ಕೊಟ್ಟ ರಾಕರು ಮಣಿವಿಗೆ ಬಡ್ಡಿ ಹಾಕುತ್ತದೆ ಎನ್ನಬಹುದು.

ಉದ್ದ 200 ಮಿಲಿಮೀಟರು, ಹೊರ ವ್ಯಾಸ 8, ಒಳ ವ್ಯಾಸ 4 ಮಿಲಿಮೀಟರಿನ ಉಕ್ಕಿನ ಕೊಳವೆಯೊಂದನ್ನು ಪುಷ್‌ರಾಡಾಗಿ ತೆಗೆದುಕೊಂಡು ಯಂಗ್ ಗುಣಾಂಕದಿಂದ ಲೆಕ್ಕಹಾಕಿದರೆ ಈ ಬಲಕ್ಕೆ ಅದು ಕುಗ್ಗುವುದು 0.04 ಮಿಲಿಮೀಟರಿಗೂ ಸ್ವಲ್ಪ ಕಡಮೆ. ಇದು ಅಲ್ಪವೆಂದು ತೋರಬಹುದು. ಆದರೆ ಕೋಲು ನೇರವಾಗಿ ಕುಗ್ಗುವುದಲ್ಲದೆ ಬಿಲ್ಲಿನಂತೆ ಬಾಗಲೂ ಬಹುದು. ರಾಕರು ಬಾಗುತ್ತದೆ, ರಾಕರನ್ನು ಹೊತ್ತ ಗೂಟ ಬಾಗುತ್ತದೆ, ಕ್ಯಾಮ್‌ಷಾಫ್ಟೇ ಸ್ವಲ್ಪ ಬಾಗುತ್ತದೆ. ಇವೆಲ್ಲ ಸರಣಿಯಲ್ಲಿ ಜೋಡಿಸಿದ ಸ್ಪ್ರಿಂಗುಗಳಿದ್ದಂತೆ. ಪ್ರತಿಯೊಂದರ ಮಣಿವೂ ಕೂಡುತ್ತ ಹೋಗುತ್ತದೆ. ವಾಲ್ವು ತೆರೆಯಲು ಆರಂಭಿಸಿದಾಗ ಕ್ಯಾಮು ಅದನ್ನು ರಭಸದಿಂದ ನೂಕುವುದರಿಂದ ಇಡೀ ಸರಪಳಿ ಅಮುಕಿಕೊಳ್ಳುತ್ತದೆ. ವಾಲ್ವು ತುದಿಯನ್ನು ಸಮೀಪಿಸಿದಾಗ ಆ ಒತ್ತಡ ಬಿಡುಗಡೆಯಾಗಿ, ಕವಣೆಯಿಂದ ಬಿಟ್ಟ ಕಲ್ಲಿನಂತೆ ವಾಲ್ವನ್ನು ಮುಂದಕ್ಕೆ ಎಸೆಯುತ್ತದೆ. ಸ್ಪ್ರಿಂಗು ಅತಿ ಕಷ್ಟದಲ್ಲಿರುವ ಗಳಿಗೆಯಲ್ಲಿಯೇ ಈ ಹೆಚ್ಚಿನ ಹೊರೆ ಅದರ ಮೇಲೆ ಬೀಳುವುದೆಂಬುದು ಗಮನಿಸತಕ್ಕ ವಿಷಯ.

ಸರಪಳಿಯ ಒಟ್ಟು ಬಿಗುಪು ವಾಲ್ವಿನ ಮಟ್ಟದಲ್ಲಿ ಮಿಲಿಮೀಟರಿಗೆ 4,000 ನ್ಯೂಟನ್ ಎಂದು ಊಹಿಸಿದರೆ, 200 ಗ್ರಾಂ ದ್ರವ್ಯರಾಶಿಯೊಡನೆ ಅದರ ಸ್ವಾಭಾವಿಕ ಆವೃತ್ತಿ ಸೆಕೆಂಡಿಗೆ ಸುಮಾರು 710. ಒಂದು ಕಂಪನಕ್ಕೆ 1.4 ಮಿಲಿಸೆಕೆಂಡು. ನಮ್ಮ ಉದಾಹರಣೆಯಲ್ಲಿ ಕ್ಯಾಮಿನ ಆರಂಭದ ನೂಕು 6,000 ಸುತ್ತಿನಲ್ಲಿ 1.7 ಮಿಲಿಸೆಕೆಂಡಿನಲ್ಲಿಯೂ 12,000 ಸುತ್ತಿನಲ್ಲಿ 0.8 ಮಿಲಿಸೆಕೆಂಡಿನಲ್ಲಿಯೂ ಮುಗಿಯುತ್ತದೆ. ಎಂದರೆ ಹೆಚ್ಚಿನ ವೇಗದಲ್ಲಿ, ಸರಪಳಿ ಒಂದು ಸಲ ಕಂಪಿಸಿ ಮುಗಿಯುವಷ್ಟರಲ್ಲಿ ನೂಕು ಬಂದು ಹೋಗಿಯೇ ಬಿಟ್ಟಿರುತ್ತದೆ. ಇಂಥ ಪ್ರಸಂಗದಲ್ಲಿ ಉಕ್ಕು ರಬ್ಬರಿನಂತೆ ವರ್ತಿಸುತ್ತದೆ. ಕ್ಯಾಮಿನ ಮೇಲೆ ಎಷ್ಟೇ ಅಂದವಾದ ರೇಖೆಯನ್ನು ಕೊರೆದಿದ್ದರೂ ವಾಲ್ವು ಅದನ್ನು ಅನುಸರಿಸುವುದಿಲ್ಲ. ಕ್ಯಾಮನ್ನು ವಾಲ್ವಿನ ನೆತ್ತಿಯ ಮೇಲೆಯೇ ಇಟ್ಟು, ಬಿಗುಪನ್ನು ನಾಲ್ಕು ಪಾಲು ಮಾಡಿ ದ್ರವ್ಯರಾಶಿಯನ್ನು ಅರ್ಧಕ್ಕೆ ಇಳಿಸಿದರೆ, ಸ್ವಾಭಾವಿಕ ಆವೃತ್ತಿ 8ರ ವರ್ಗಮೂಲದಷ್ಟು, ಅಂದರೆ 2.8ರಷ್ಟು ಏರುತ್ತದೆ. ಮೇಲಿನ ಕ್ಯಾಮಿನಿಂದ ದೊರೆಯುವ ಮೊದಲ ಲಾಭ ಇದು.

ಸ್ಪ್ರಿಂಗೇ ಮಿತಿಯಾದಾಗ ಅದನ್ನೇ ತೆಗೆದುಹಾಕಿದವರೂ ಇದ್ದಾರೆ. 1954 ಮತ್ತು 1955ರ ಮರ್ಸಿಡಿಸ್ ಪಂದ್ಯದ ಕಾರುಗಳಲ್ಲಿ ವಾಲ್ವನ್ನು ತೆರೆಯಲು ಒಂದು, ಮುಚ್ಚಲು ಒಂದು ಕ್ಯಾಮಿದ್ದಿತು. ಇದೇ ಉಪಾಯವನ್ನು ಇಟಲಿಯ ಡುಕಾಟಿ ಬೈಕುಗಳಿಗೆ 1956ರಲ್ಲಿ ತಂದವನು ಫಾಬಿಯೊ ತಾಲ್ಯೋನಿ. ರೆನೋ ಸಂಸ್ಥೆ 1986ರ ಫಾರ್ಮುಲಾ ಒನ್ ಎಂಜಿನ್ನಿನಲ್ಲಿ ಉಕ್ಕಿನ ಸುರುಳಿಯ ಬದಲು ಒತ್ತಡದ ಅನಿಲವನ್ನೇ ಸ್ಪ್ರಿಂಗಾಗಿ ಬಳಸಿತು.

ಮೇಲಿನ ಕ್ಯಾಮಿನ ಎರಡನೆಯ ಲಾಭ ಉಸಿರಾಟಕ್ಕೆ ಸಂಬಂಧಿಸಿದ್ದು. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲನೆಯದಕ್ಕಿಂತ ಕಡಮೆಯದೇನೂ ಅಲ್ಲ. ಪುಷ್‌ರಾಡುಗಳು ಮೇಲೇರಲು ಸಿಲಿಂಡರಿನ ತಲೆಯಲ್ಲಿ ದಾರಿ ಬೇಕು. ಗಾಳಿಯ ಕೊಳವೆಗಳು ಅವುಗಳಿಗೆ ಎಡೆಕೊಟ್ಟು ಪಕ್ಕಕ್ಕೆ ಸರಿಯಬೇಕು. ಅಲ್ಲದೆ ಒಂದೇ ಕ್ಯಾಮ್‌ಷಾಫ್ಟಿನಿಂದ ಸಿಲಿಂಡರಿಗೆ ನಾಲ್ಕು ವಾಲ್ವುಗಳನ್ನು ಆಡಿಸುವುದು ತೊಡಕಿನ ಕೆಲಸ. ನಿಧಾನವಾಗಿ ತಿರುಗುವ ದೊಡ್ಡ ಡೀಸೆಲ್ ಎಂಜಿನ್ನುಗಳಲ್ಲಿ ಹಾಗೆ ಮಾಡುವುದುಂಟು. ತಲೆಯ ಮೇಲೆ ಎರಡು ಕ್ಯಾಮ್‌ಷಾಫ್ಟುಗಳಿದ್ದರೆ ಈ ತೊಡಕಿಲ್ಲ. ನಾಲ್ಕು ವಾಲ್ವುಗಳಿಂದ ಬರುವ ಪ್ರಯೋಜನವನ್ನು ಪ್ರೌಢಶಾಲೆಯ ರೇಖಾಗಣಿತದಿಂದಲೇ ತಿಳಿಯಬಹುದು. ಒಂದು ದೊಡ್ಡ ವಾಲ್ವಿನ ಬದಲು ಅದೇ ಒಟ್ಟು ವಿಸ್ತೀರ್ಣದ ಎರಡು ಚಿಕ್ಕ ವಾಲ್ವುಗಳನ್ನಿಟ್ಟರೆ ಪ್ರತಿಯೊಂದರ ವ್ಯಾಸ 1.414ರಿಂದ ಭಾಗಿಸಿದಷ್ಟಾಗುತ್ತದೆ. ಆದರೆ ಎರಡರ ಪರಿಧಿಗಳನ್ನು ಕೂಡಿಸಿದರೆ ಮೊದಲಿಗಿಂತ ಶೇಕಡಾ 41 ಹೆಚ್ಚು. ಸ್ವಲ್ಪವೇ ತೆರೆದ ವಾಲ್ವಿನಲ್ಲಿ ಗಾಳಿ ನುಗ್ಗುವುದು ಪರಿಧಿಯ ಸುತ್ತಲಿನ ಬಿರುಕಿನಿಂದ. ಜೊತೆಗೆ ಪ್ರತಿಯೊಂದು ವಾಲ್ವೂ ಚಿಕ್ಕದಾದುದರಿಂದ ಹಗುರ. ಹಿಂದಿನ ಲೆಕ್ಕಕ್ಕೂ ಇದು ಅನುಕೂಲ. 1912ರಲ್ಲಿ ಫ್ರಾನ್ಸಿನ ದಿಯೆಪ್ ಪಟ್ಟಣದ ಬಳಿ ನಡೆದ ಗ್ರಾಂ ಪ್ರೀ ಪಂದ್ಯವನ್ನು ಗೆದ್ದ ಪ್ಯೂಜೋ ಕಾರಿನಲ್ಲಿಯೇ ಎರಡು ಮೇಲುಕ್ಯಾಮುಗಳೂ ಸಿಲಿಂಡರಿಗೆ ನಾಲ್ಕು ವಾಲ್ವುಗಳೂ ಇದ್ದುವು. ಅದರ 7.6 ಲೀಟರಿನ ಎಂಜಿನ್ನು ತಿರುಗುತ್ತಿದ್ದುದಾದರೋ ನಿಮಿಷಕ್ಕೆ ಸುಮಾರು 2,200 ಸುತ್ತು!

ಈ ಎರಡನೆಯ ಲಾಭದ ತೂಕವನ್ನು ತಿಳಿಯಲು ಅಮೆರಿಕದ ಶೆವ್ರೊಲೆ ಕಾರ್ವೆಟ್ ಕಾರಿನ ಎರಡು ಎಂಜಿನ್ನುಗಳು ಒಳ್ಳೆಯ ಸಾಧನ. 2006ರಿಂದ 2013ರವರೆಗಿನ ಝೆಡ್-06 ಮಾದರಿಯಲ್ಲಿ 7 ಲೀಟರಿನ ಪುಷ್‌ರಾಡ್ ಎಂಜಿನ್ನಿದ್ದು, ಅದು 6,300 ಸುತ್ತುಗಳಲ್ಲಿ 505 ಅಶ್ವಶಕ್ತಿಯನ್ನು ಕೊಡುತ್ತಿತ್ತು. 2023ರ ಝೆಡ್-06 ಮಾದರಿಯಲ್ಲಿರುವುದು ನಾಲ್ಕು ಮೇಲುಕ್ಯಾಮುಗಳ 5.5 ಲೀಟರಿನ ಎಂಜಿನ್ನು. 8,400 ಸುತ್ತುಗಳಲ್ಲಿ 670 ಅಶ್ವಶಕ್ತಿ. ವೇಗ ಹೆಚ್ಚಿದುದರಿಂದ ಶಕ್ತಿ ಹೆಚ್ಚಿತು ಎಂದು ಯಾರಾದರೂ ಹೇಳಿಯಾರು. ಲೆಕ್ಕ ಹಾಗೆ ಹೇಳುವುದಿಲ್ಲ. ಪಿಸ್ಟನ್ನುಗಳು ನಿಮಿಷಕ್ಕೆ ತೆರವುಮಾಡುವ ಗಾತ್ರ ಮೊದಲನೆಯದರಲ್ಲಿ 22,050 ಲೀಟರು, ಎರಡನೆಯದರಲ್ಲಿ 23,100 ಲೀಟರು. ವ್ಯತ್ಯಾಸ ಶೇಕಡಾ 5 ಮಾತ್ರ. ಶಕ್ತಿಯ ವ್ಯತ್ಯಾಸ ಶೇಕಡಾ 33! ಸಂಪೀಡನ ಅನುಪಾತ 11ರಿಂದ 12.5ಕ್ಕೆ ಏರಿದುದೂ ಸ್ವಲ್ಪ ಸಹಾಯಮಾಡಿದೆ. ಉಳಿದುದರ ಬಹುಪಾಲು ಸಿಲಿಂಡರುಗಳು ಚೆನ್ನಾಗಿ ತುಂಬುವುದರಿಂದ ಬಂದ ಲಾಭ. ಆದರೆ ಹಳೆಯ ಎಂಜಿನ್ನಿಗೂ ತನ್ನ ಗುಣವಿದ್ದಿತು. ವಿ ಆಕಾರದ ಎಂಟು ಸಿಲಿಂಡರಿಗೆ ಒಂದೇ ಕ್ಯಾಮ್‌ಷಾಫ್ಟು ಸಾಕಾಗಿ, ಅದು ಕುಳ್ಳಾಗಿ, ಅಡಕವಾಗಿ, ಕಡಮೆ ಖರ್ಚಿನಲ್ಲಿ ತಯಾರಾಗುತ್ತಿತ್ತು. ನಾಲ್ಕು ಕ್ಯಾಮ್‌ಷಾಫ್ಟುಗಳನ್ನು ಮೇಲೇರಿಸಿದರೆ ತಲೆ ಎತ್ತರವೂ ಅಗಲವೂ ಆಗುವುದಲ್ಲದೆ, ಅವುಗಳನ್ನು ತಿರುಗಿಸಲು ಮೊಳದುದ್ದದ ಚೈನುಗಳೂ ಬೇಕಾಗುತ್ತವೆ.

ಬುಲೆಟ್ಟಿನ ಒಗಟು ಈಗ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಅದರ ಹೊಸ ಎಂಜಿನ್ನಿಗೂ ವಾಲ್ವುಗಳು ಎರಡೇ. ಪಿಸ್ಟನ್ನಿನ ಹೊಡೆತ 85.8 ಮಿಲಿಮೀಟರಿನಷ್ಟು ಉದ್ದವಾಗಿದ್ದು, 6,100 ಸುತ್ತುಗಳಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 17.4 ಮೀಟರು. 1999ರಲ್ಲಿ ಬಂದ ಹೋಂಡಾ ಎಸ್-2000 ಕಾರಿನಲ್ಲಿ ಹೊಡೆತ 84 ಮಿಲಿಮೀಟರಿದ್ದೂ ಎಂಜಿನ್ನು 9,000 ಸುತ್ತು ತಿರುಗುತ್ತಿತ್ತು. ಪಿಸ್ಟನ್ನಿನ ವೇಗ 25 ಮೀಟರಿಗೂ ಮಿಗಿಲು. ಬುಲೆಟ್ಟನ್ನು ಕೊಳ್ಳುವವನಿಗೆ ಬೇಕಾದುದು ನಿಧಾನದ ಗಂಭೀರವಾದ ಎಳೆತ. ಎಂಜಿನ್ನನ್ನು ರೂಪಿಸಿದವರು ಅದನ್ನು ಬಲ್ಲವರಾಗಿ ವೇಗದ ಬೆನ್ನು ಹತ್ತಲಿಲ್ಲ.

ಕೊನೆಯದಾಗಿ, ಪುಷ್‌ರಾಡಿನ ಮಿತಿ ಎಲ್ಲಿಯವರೆಗೆ ಹಿಂದೆ ಸರಿದೀತು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವನ್ನು ನೋಡೋಣ. ಅಮೆರಿಕದ ಇಂಡಿಯಾನಾಪೊಲಿಸ್ 500 ಮೈಲಿ ಪಂದ್ಯದಲ್ಲಿ ಮೇಲುಕ್ಯಾಮಿನ ಎಂಜಿನ್ನುಗಳ ಗಾತ್ರ 2.65 ಲೀಟರನ್ನು ಮೀರಬಾರದೆಂದೂ, ಅವುಗಳಿಗೆ ತುಂಬುವ ಗಾಳಿಯ ಒತ್ತಡ ಪಾದರಸದ 45 ಅಂಗುಲ, ಅಂದರೆ 114 ಸೆಂಟಿಮೀಟರನ್ನು ಮೀರಬಾರದೆಂದೂ ನಿಯಮವಿದ್ದಿತು. ಸಾಧಾರಣ ಕಾರುಗಳ ಎಂಜಿನ್ನುಗಳನ್ನು ತಿದ್ದಿ ತರುವವರಿಗೆ ಉತ್ತೇಜನ ದೊರೆಯಲೆಂದು, ಸಿಲಿಂಡರಿಗೆ ಎರಡೇ ವಾಲ್ವುಗಳುಳ್ಳ ಪುಷ್‌ರಾಡ್ ಎಂಜಿನ್ನಿಗೆ 3.43 ಲೀಟರು ಗಾತ್ರವನ್ನೂ 55 ಅಂಗುಲ, ಅಂದರೆ 140 ಸೆಂಟಿಮೀಟರು ಒತ್ತಡವನ್ನೂ ಅನುಮತಿಸಿದ್ದರು. ಗಾತ್ರದ ಅನುಪಾತವನ್ನು ಒತ್ತಡದ ಅನುಪಾತದಿಂದ ಗುಣಿಸಿದರೆ 1.58 ಬರುತ್ತದೆ. ಒಂದು ಸುತ್ತಿಗೆ ಪುಷ್‌ರಾಡ್ ಎಂಜಿನ್ನು ಶೇಕಡಾ 58ರಷ್ಟು ಹೆಚ್ಚು ಗಾಳಿಯನ್ನು ಸೇವಿಸಬಹುದೆಂದು ಇದರ ಅರ್ಥ. ಅದು 10,000 ಸುತ್ತು ತಿರುಗಬಲ್ಲುದಾದರೆ, ಅದಕ್ಕೆ ಸಮನಾಗಲು ಮೇಲುಕ್ಯಾಮಿನ ಎಂಜಿನ್ನು 15,800 ಸುತ್ತು ತಿರುಗಬೇಕು. ಪುಷ್‌ರಾಡ್ ಎಂಜಿನ್ನು ಅಷ್ಟು ವೇಗವಾಗಿ ತಿರುಗಲಾರದು ಎಂಬ ನಂಬಿಕೆಯೇ ಈ ರಿಯಾಯಿತಿಗೆ ಆಧಾರವಾಗಿದ್ದಿತು.

ಎಂಜಿನ್ನಿನ ಪಾತ್ರೆ ಸಾಧಾರಣ ಕಾರಿನದೇ ಆಗಿರಬೇಕೆಂಬ ಕಟ್ಟುಪಾಡು ಸಡಿಲವಾದಾಗ, ಇಂಗ್ಲೆಂಡಿನ ಇಲ್‌ಮೋರ್ ಸಂಸ್ಥೆಯ ಮಾರಿಯೊ ಇಲಿಯೆನ್ ಆ ನಂಬಿಕೆಯನ್ನೇ ಲೆಕ್ಕಕ್ಕೆ ಒಡ್ಡಿದನು. ಪೆನ್ಸ್ಕಿ ತಂಡಕ್ಕಾಗಿ ಗುಟ್ಟಾಗಿ ನಿರ್ಮಿಸಿದ ಎಂಜಿನ್ನಿನಲ್ಲಿ ಅವನು ಕ್ಯಾಮ್‌ಷಾಫ್ಟನ್ನು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಆದಷ್ಟು ಮೇಲೆ ಇಟ್ಟು, ಪುಷ್‌ರಾಡುಗಳನ್ನು ತೀರ ಗಿಡ್ಡಮಾಡಿದನು. ಕೋಲಿನ ಉದ್ದ ಅರ್ಧವಾದರೆ ಅದರ ಕುಗ್ಗುವಿಕೆ ಅರ್ಧವಾಗುತ್ತದೆ; ಬಾಗಿ ಮುರಿಯುವ ಮುನ್ನ ಅದು ಹೊರಬಲ್ಲ ಭಾರ ನಾಲ್ಕು ಪಾಲಾಗುತ್ತದೆ. ಈ ಎರಡನೆಯ ನಿಯಮವನ್ನು ಆಯ್ಲರನು ಹದಿನೆಂಟನೆಯ ಶತಮಾನದಲ್ಲಿಯೇ ಕಂಡುಕೊಂಡಿದ್ದನು. ಮರ್ಸಿಡಿಸ್ ಬೆಂಜ್ ಎಂಬ ಹೆಸರನ್ನು ಹೊತ್ತ ಆ ಎಂಜಿನ್ನು ಹತ್ತಿರಹತ್ತಿರ 10,000 ಸುತ್ತುಗಳವರೆಗೆ ತಿರುಗಿ, ಸಾವಿರ ಅಶ್ವಶಕ್ತಿಯನ್ನು ಮೀರಿತು. 1994ರ ಮೇ 29ರಂದು ನಡೆದ ಪಂದ್ಯದಲ್ಲಿ ಬಹುಪಾಲು ಸುತ್ತುಗಳಲ್ಲಿ ಮುಂದಿದ್ದ ಎಮರ್ಸನ್ ಫಿಟಿಪಾಲ್ಡಿ 185ನೆಯ ಸುತ್ತಿನಲ್ಲಿ ಗೋಡೆಗೆ ತಗುಲಿ ಹೊರಬಿದ್ದನು. ಅದೇ ತಂಡದ, ಅದೇ ಎಂಜಿನ್ನಿನ ಇನ್ನೊಂದು ಕಾರಿನಲ್ಲಿದ್ದ ಕಿರಿಯ ಆಲ್ ಅನ್ಸರ್ ಗೆದ್ದನು. ಕೆಲವೇ ವಾರಗಳಲ್ಲಿ ಪಂದ್ಯದ ಅಧಿಕಾರಿಗಳು ಪುಷ್‌ರಾಡ್ ಎಂಜಿನ್ನುಗಳ ಒತ್ತಡದ ಮಿತಿಯನ್ನು ಇಳಿಸಿದರು. 1.58 ಎಂಬ ಆ ಅನುಪಾತ ಕುಗ್ಗಿದ ಮೇಲೆ ಆ ಎಂಜಿನ್ನು ಇನ್ನೊಂದು ಪಂದ್ಯಕ್ಕೆ ಇಳಿಯಲಿಲ್ಲ.